ಪೌರಕಾರ್ಮಿಕರ 48 ಮನೆ ಟೆಂಡರ್ ಶೇ 19.80 ಕಡಿಮೆಗೆ ಹೋಗಿದೆ, ಈಗ ನಾವು ಏನು ನೋಡಬೇಕು?

ಎರೆನೆಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮವ್ವ ಪುರಸಭೆಯಲ್ಲಿ ಪೌರಕಾರ್ಮಿಕಳು. ಹದಿನಾಲ್ಕು ವರ್ಷ ಗುತ್ತಿಗೆಯಲ್ಲಿ ದುಡಿದು ಈಗ ಆರು ವರ್ಷದಿಂದ ಕಾಯಂ ಆಗಿದ್ದಾಳೆ. ತುಂಗಭದ್ರಾ ಎಡದಂಡೆ ನಾಲೆಯ ಬಯಲಿನ ಊರು ನಮ್ಮದು, ಹೆಸರು ಇಲ್ಲಿ ಬರೆಯೋದಿಲ್ಲ.

ನಾವಿರೋದು ಪುರಸಭೆಯ ಹಳೇ ಲೈನ್ ಮನೆಯಲ್ಲಿ. ಒಂದೇ ಕೋಣೆ, ಮೇಲೆ ಸಿಮೆಂಟ್ ಶೀಟು. ಬಿರುಕು ಬಿಟ್ಟಲ್ಲೆಲ್ಲ ಡಾಂಬರು ಹಚ್ಚಿ ಹಚ್ಚಿ, ಮಲಗಿ ಮೇಲೆ ನೋಡಿದರೆ ಕರೀ ಗೆರೆಗಳೇ ಕಾಣ್ತವೆ. ಮಳೆಗಾಲದಲ್ಲಿ ಅವ್ವ ನಸುಕಿನ ನಾಲ್ಕೂವರೆಗೆ ಎದ್ದು ಮೊದಲು ಮಾಡೋ ಕೆಲಸ, ಸೋರಿ ತುಂಬಿದ ಪಾತ್ರೆಗಳ ನೀರನ್ನು ಹೊರಗೆ ಚೆಲ್ಲೋದು. ಆಮೇಲೆ ಊರು ಗುಡಿಸೋಕೆ ಹೋಗ್ತಾಳೆ.

ಪೌರಕಾರ್ಮಿಕರ ಗೃಹಭಾಗ್ಯದಲ್ಲಿ ನಮಗೆ 48 ಮನೆ ಮಂಜೂರಾಗಿವೆ. ನೆಲಮಹಡಿ ಮೇಲೆ ಎರಡು ಅಂತಸ್ತು, ಒಂದು ಕಟ್ಟಡಕ್ಕೆ ಆರು ಮನೆಯಂತೆ ಎಂಟು ಕಟ್ಟಡ. ಪಟ್ಟಿಯಲ್ಲಿ ಅವ್ವನ ಹೆಸರು 31ನೇದು. ಜಾಗ ಊರ ಹೊರಗೆ, ಹಿಂದೆ ಜೋಳ ಬಿತ್ತುತ್ತಿದ್ದ ಎರೆ ಹೊಲ. ಅಂದಾಜು ಮೊತ್ತ 3 ಕೋಟಿ 60 ಲಕ್ಷ. ನಾಲ್ಕು ಜನ ಟೆಂಡರ್ ಹಾಕಿದ್ದರು. ಎಲ್ಲರಿಗಿಂತ ಕಡಿಮೆ ಹಾಕಿದವರು ಶೇ 19.80 ಕೆಳಗೆ, ಅಂದರೆ 2 ಕೋಟಿ 88 ಲಕ್ಷ ಚಿಲ್ಲರೆಗೆ ಹಿಡಿದಿದ್ದಾರೆ. ಹೋದ ತಿಂಗಳು ಸಾಮಾನ್ಯ ಸಭೆಯಲ್ಲಿ ಒಪ್ಪಿಗೆ ಆಯ್ತು, ಕಾರ್ಯಾದೇಶವೂ ಕೊಟ್ಟಾಯ್ತು. ಸಭೆಯಲ್ಲಿ ಸದಸ್ಯರು ಮೇಜು ಕುಟ್ಟಿ "71 ಲಕ್ಷ ಉಳಿತಾಯ" ಅಂದರಂತೆ. ಅವ್ವನ ಜೊತೆ ಕೆಲಸ ಮಾಡೋರೂ ಖುಷಿಯಾಗಿದ್ದಾರೆ, ಮನೆ ಬರ್ತದೆ ಅಂತ.

ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಆ 71 ಲಕ್ಷ ಯಾವ ಗೋಡೆಯಿಂದ ಉಳೀತು? ನಾನು ಬಿ.ಕಾಂ ಓದಿದವಳು, ಮೆಡಿಕಲ್ ಅಂಗಡಿಯಲ್ಲಿ ಲೆಕ್ಕ ಬರೀತೀನಿ, ಕಟ್ಟಡದ ಕೆಲಸ ಗೊತ್ತಿಲ್ಲ. ಟೆಂಡರ್ ರದ್ದು ಮಾಡಿ ಅಂತ ಅರ್ಜಿ ಕೊಡಬೇಕಾ? ಇಲ್ಲ ಸುಮ್ಮನಿರಬೇಕಾ? ಸುಮ್ಮನಿರಬಾರದು ಅಂದರೆ ಏನನ್ನು, ಯಾವಾಗ ನೋಡಬೇಕು? ದಯವಿಟ್ಟು ತಿಳಿದವರು ಹೇಳಿ. ಅವ್ವನಿಗೆ ಐವತ್ತೆರಡು. ಇನ್ನೊಂದು ಮನೆ ಅವಳ ಆಯುಷ್ಯದಲ್ಲಿ ಬರೋದಿಲ್ಲ.

ವಾರ್ಡ್ ನಂ 7

ನಾನು ಬೇರೆ ಜಿಲ್ಲೆಯ ಪುರಸಭೆಯಲ್ಲಿ ಒಂದು ಅವಧಿ ಸದಸ್ಯನಾಗಿದ್ದೆ. ಸುಮ್ಮನೆ ಕೂರಬೇಡಿ ತಂಗಿ. ಅಂದಾಜಿಗಿಂತ ಐದನೇ ಒಂದು ಪಾಲು ಕಡಿಮೆಗೆ ಯಾರೂ ಒಳ್ಳೆ ಮನೆ ಕಟ್ಟಿಕೊಡೋಕಾಗಲ್ಲ. ಜಿಲ್ಲಾಧಿಕಾರಿಗಳಿಗೆ, ಲೋಕಾಯುಕ್ತಕ್ಕೆ ಈಗಲೇ ದೂರು ಕೊಟ್ಟು ಟೆಂಡರ್ ರದ್ದು ಮಾಡಿಸಿ, ಮತ್ತೆ ಕರೆಸಿ. ಕೆಲಸ ಶುರುವಾದ ಮೇಲೆ ಯಾರೂ ಕೇಳಲ್ಲ.

ಅಳತೆ ಪುಸ್ತಕ

ತಂಗೀ, ನಾನು ಪುರಸಭೆ, ನಗರಸಭೆಗಳಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಜೆಇ (ಜೂನಿಯರ್ ಇಂಜಿನಿಯರ್) ಆಗಿ ಸೇರಿ ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಆಗಿ ಹೊರಬಂದೆ. ನೀವು ಕೇಳಿದ್ದಕ್ಕೆ ಉದ್ದವಾಗಿಯೇ ಉತ್ತರ ಬರೀಬೇಕು. ದಯವಿಟ್ಟು ಕೊನೆಯವರೆಗೆ ಓದಿ.

ಮೊದಲು ಮೇಲಿನ ಸದಸ್ಯರ ಮಾತಿಗೆ. ಅವರ ಕಾಳಜಿ ನಿಜವಾದದ್ದು, ಆದರೆ ಆ ದಾರಿ ಹಿಡಿಯಬೇಡಿ. ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆ, ನಾವು ಕೆಟಿಪಿಪಿ ಅಂತೀವಲ್ಲ, 1999ರದ್ದು, ಅದರ 16ನೇ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶ ಇರೋದು ಟೆಂಡರ್ ಹಾಕಿದವರಿಗೆ. ಮನೆ ಪಡೆಯುವವರಿಗೆ ಅಲ್ಲ. ದೂರು ಕೊಡಬಹುದು, ಆದರೆ ಕಡಿಮೆ ದರ ಅನ್ನೋದೊಂದೇ ತಪ್ಪಲ್ಲ, ಕಾಯ್ದೆಯ ಕಣ್ಣಿಗೆ ಅದು ಸರಿಯಾದದ್ದೇ. ಮತ್ತೆ ಟೆಂಡರ್ ಕರೆಯೋದಕ್ಕೆ ಹಿಡಿಯುವ ತಿಂಗಳುಗಳಲ್ಲಿ ಅನುದಾನ ಬೇರೆ ಲೆಕ್ಕಕ್ಕೆ ಹೋದ ಊರುಗಳನ್ನು ನಾನು ನೋಡಿದ್ದೇನೆ. ಕಡೆಗೆ ಕೆಟ್ಟ ಮನೆಯೂ ಇಲ್ಲ, ಒಳ್ಳೆ ಮನೆಯೂ ಇಲ್ಲ, ಅದೇ ಶೀಟು.

ಶೇ 19.80 ಅನ್ನೋ ಒಟ್ಟು ಅಂಕಿ ನೋಡಿ ಹೆದರಬೇಡಿ, ಅದನ್ನೇ ನೋಡಿ ಸಮಾಧಾನವೂ ಪಡಬೇಡಿ. ನೋಡಬೇಕಾದ್ದು ಆ ಕಡಿತ ಯಾವ ಯಾವ ಬಾಬಿನ ಮೇಲೆ ಬಿದ್ದಿದೆ ಅಂತ. ಐಟಂವಾರು ದರದ ಟೆಂಡರ್ ಆಗಿದ್ದರೆ ಪ್ರತಿ ಬಾಬಿಗೂ ಗುತ್ತಿಗೆದಾರ ತನ್ನ ದರ ಬರೆದಿರ್ತಾನೆ: ಪಾಯದ ಅಗೆತ, ಕಾಂಕ್ರೀಟು, ಕಬ್ಬಿಣ, ಗೋಡೆ, ಗಿಲಾವು, ಬಾಗಿಲು, ನಲ್ಲಿ, ಬಣ್ಣ. ಕೆಲವರು ಮೊದಲು ಬರುವ ಕೆಲಸಗಳಿಗೆ ದರ ಜಾಸ್ತಿ ಹಾಕಿ, ಕೊನೆಯ ಕೆಲಸಗಳಿಗೆ ತೀರಾ ಕಡಿಮೆ ಹಾಕ್ತಾರೆ. ಒಟ್ಟು ಮೊತ್ತ ಎಲ್ಲರಿಗಿಂತ ಕಡಿಮೆಯೇ ಇರುತ್ತೆ. ಪಾಯ, ಕಾಲಂ, ಸ್ಲ್ಯಾಬು ಮುಗಿಯೋ ಹೊತ್ತಿಗೆ ಅವರ ಲಾಭ ಕೈಗೆ ಬಂದಿರುತ್ತೆ. ಗಿಲಾವು, ಬಾಗಿಲು, ಸಂಡಾಸಿನ ಪೈಪು ಬಂದಾಗ ಕೆಲಸ ನಿಲ್ಲುತ್ತೆ. ಊರೂರಲ್ಲಿ ಬಾಗಿಲಿಲ್ಲದೆ ನಿಂತ ಸರ್ಕಾರಿ ಕಟ್ಟಡ ಕಂಡಾಗೆಲ್ಲ ನನಗೆ ಮೊದಲು ಅದರ ದರಪಟ್ಟಿ ನೋಡಬೇಕು ಅನಿಸುತ್ತೆ.

ಇದಕ್ಕೆ ಕಾವಲು ಇದೆ. ಇಂಥ ಕಾಮಗಾರಿಗೆ ಬಳಸುವ ಕೆಡಬ್ಲ್ಯು-4 ಎಂಬ ಮಾದರಿ ಟೆಂಡರ್ ದಾಖಲೆಯಲ್ಲಿ ಒಂದು ಷರತ್ತಿದೆ. ದರಗಳು ಇಲಾಖೆಯ ಅಂದಾಜಿಗೆ ಹೋಲಿಸಿದರೆ ತೀರಾ ಏರುಪೇರಾಗಿದ್ದರೆ, ಆ ದರಕ್ಕೆ ಹೇಗೆ ಮಾಡ್ತೀರಿ ಅಂತ ಗುತ್ತಿಗೆದಾರರಿಂದ ದರ ವಿಶ್ಲೇಷಣೆ ಬರೆಸಿಕೊಳ್ಳಬಹುದು, ಭದ್ರತಾ ಠೇವಣಿಯನ್ನೂ ಹೆಚ್ಚಿಸಬಹುದು. ನಿಮ್ಮ ಪುರಸಭೆ ಅದನ್ನು ಮಾಡಿದೆಯಾ? ದರ ವಿಶ್ಲೇಷಣೆ ಕಡತದಲ್ಲಿದೆಯಾ, ಹೆಚ್ಚುವರಿ ಠೇವಣಿ ತಗೊಂಡಿದ್ದಾರಾ? ಈ ಎರಡು ಪ್ರಶ್ನೆ ಬರವಣಿಗೆಯಲ್ಲಿ ಕೇಳಿ. ಕೇಳಿದವರಿದ್ದಾರೆ ಅಂತ ಗೊತ್ತಾದರೆ ಕಚೇರಿಯಲ್ಲಿ ಕಡತ ತೆಗೆದು ನೋಡ್ತಾರೆ. ಆ ಕುರ್ಚಿಯಲ್ಲಿ ಕೂತಿದ್ದವನಾಗಿ ಹೇಳ್ತಿದ್ದೇನೆ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಶೇ 19.80 ಅಲ್ಲ. "ಜೋಳ ಬಿತ್ತುತ್ತಿದ್ದ ಎರೆ ಹೊಲ" ಅನ್ನೋ ಮಾತು.

1990ರ ದಶಕದ ಕೊನೆ. ನಾನು ಜೆಇ, ಎರಡು ಊರುಗಳ ಹೊಣೆ. ಒಂದು ಊರಲ್ಲಿ ಬಡವರಿಗೆ 20 ಮನೆ, ಎರೆ ನೆಲ. ನಕ್ಷೆಯಲ್ಲಿ ಪಾಯದ ಆಳ 1.80 ಮೀಟರ್. ಪಾಯ ತೋಡಿದ ದಿನ ನಾನು ಇನ್ನೊಂದು ಊರಲ್ಲಿದ್ದೆ. ಮೂರನೇ ದಿನ ಬಂದಾಗ ಬೆಡ್ ಕಾಂಕ್ರೀಟು ಹಾಕಿ, ಕಲ್ಲು ಕಟ್ಟಿ, ಅಕ್ಕಪಕ್ಕ ಮಣ್ಣು ಮುಚ್ಚಿಯಾಗಿತ್ತು. "ಪೂರಾ ಆಳ ತೆಗೆದೀವಿ ಸಾಹೇಬ್ರ" ಅಂದರು. ಒಂದು ಕಡೆ ಅಗೆಸಿ ನೋಡಬಹುದಿತ್ತು. ಬಿಸಿಲು, ಮುಂದಿನ ಬಸ್ಸು, ತಿಂಗಳ ಕೊನೆಯ ಬಿಲ್ಲು. ಕೆಲಸದ ಅಳತೆ ಬರೆಯುವ ಎಂ.ಬಿ. ಪುಸ್ತಕದಲ್ಲಿ 1.80 ಅಂತ ಬರೆದು ಸಹಿ ಹಾಕಿದೆ.

ಮೂರು ಬೇಸಿಗೆ ಕಳೆದ ಮೇಲೆ ದೂರು ಬಂತು, ಹೋದೆ. ಒಂದು ಮನೆಯಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾಗಿ ಸೀಳು. ಅಲ್ಲಿದ್ದ ಮುದುಕಿ ಬೇಸಿಗೆಯಲ್ಲಿ ಹಾವು ಚೇಳು ಬರದಿರಲಿ ಅಂತ ಸೀಳಿಗೆ ಪೇಪರು ತುರುಕಿದ್ದಳು. ಮಳೆ ಬಿದ್ದ ಮೇಲೆ ನೆಲ ಉಬ್ಬಿ ಗೋಡೆ ಆ ಪೇಪರನ್ನು ಕಚ್ಚಿ ಹಿಡಿದಿತ್ತು. ನಾನು ಎಳೆದೆ, ಹರಿದು ಚೂರು ಕೈಗೆ ಬಂತು, ಉಳಿದದ್ದು ಗೋಡೆಯಲ್ಲೇ ಉಳೀತು. ಬಾಗಿಲು ಮಳೆಗಾಲದಲ್ಲಿ ಮುಚ್ಚಲ್ಲ, ಬೇಸಿಗೆಯಲ್ಲಿ ಚಿಲಕ ಕೂರಲ್ಲ ಅಂದಳು. ಹೊರಗೆ ಬಂದು ಗೋಡೆ ಪಕ್ಕ ಅಗೆಸಿದೆ. ಪಾಯ ಮೂರು ಅಡಿಗಿಂತ ಕೆಳಗೆ ಹೋಗಿರಲಿಲ್ಲ. ಆ ಅಳತೆ ಬರೆದ ಕೈ ನನ್ನದು. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಆ ಪೇಪರಿನ ಚೂರು ನನ್ನ ಕೈಯಲ್ಲೇ ಇದ್ದ ಹಾಗಿದೆ.

ಎರೆ ಮಣ್ಣಿನ ಗುಣ ನಿಮ್ಮೂರಿನವರಿಗೆ ನಾನು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತೆ. ಈ ಉಬ್ಬುವ ತಗ್ಗುವ ಆಟ ಮೂರೂವರೆ ಮೀಟರ್ ಆಳದವರೆಗೂ ಇರಬಹುದು. ಅಷ್ಟರೊಳಗೆ ಕೂತ ಪಾಯ ವರ್ಷಕ್ಕೊಮ್ಮೆ ಏಳುತ್ತೆ, ವರ್ಷಕ್ಕೊಮ್ಮೆ ಕೂರುತ್ತೆ. ಇದಕ್ಕೆ ಪರಿಹಾರ ಇಲ್ಲದೇ ಇಲ್ಲ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ ಅಂಡರ್-ರೀಮ್ಡ್ ಪೈಲ್ ಇದೆ. ಕೊಳವೆಯ ಹಾಗೆ ತೋಡಿ, ಬುಡದಲ್ಲಿ ಗೆಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟು ತುಂಬೋದು. ಗೆಡ್ಡೆ ಕಂಬಕ್ಕಿಂತ ಸುಮಾರು ಎರಡೂವರೆ ಪಟ್ಟು ದಪ್ಪ. ನೆಲದ ಆಟ ನಿಂತ ಆಳದಲ್ಲಿ ಅದು ಹಿಡಿದು ಕೂರುತ್ತೆ. ಇನ್ನೊಂದು, ಎರೆ ತೆಗೆದು ಉಬ್ಬದ ಮಣ್ಣು, ಒಳ್ಳೆ ಗರಸು, ಪದರ ಪದರವಾಗಿ ನೀರು ಹಾಕಿ ರೋಲರ್ ಹೊಡೆದು ತುಂಬೋದು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿಯವರು ಈ ಉಬ್ಬದ ಮಣ್ಣಿನ ಪದರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ನಿಮ್ಮ ಮನೆಗಳಿಗೆ ಯಾವುದು ಅಂತ ನಾನು ಇಲ್ಲಿ ಕೂತು ಹೇಳಬಾರದು. ಮಣ್ಣು ಪರೀಕ್ಷೆ ಹೇಳಬೇಕು.

ಆದ್ದರಿಂದ ನನ್ನ ಮೊದಲ ಪ್ರಶ್ನೆ: ಆ ಹೊಲದ ಮಣ್ಣು ಪರೀಕ್ಷೆ ವರದಿ ಕಡತದಲ್ಲಿ ಇದೆಯಾ? ಪಾಯದ ನಕ್ಷೆ ಆ ವರದಿ ನೋಡಿ ಮಾಡಿದ್ದಾ, ಇಲ್ಲ ಬೇರೆ ಊರಿನ ಕೆಂಪು ನೆಲದ ನಕ್ಷೆಯನ್ನೇ ಇಲ್ಲಿಗೂ ಹಾಕಿದ್ದಾರಾ? ಈ ಉತ್ತರ ಮಣ್ಣು ಮುಚ್ಚುವ ಮೊದಲು ಬೇಕು. ಗೋಡೆ ಎದ್ದ ಮೇಲೆ ಸಿಕ್ಕರೆ ಏನೂ ಉಪಯೋಗ ಇಲ್ಲ.

ಕ್ಲಾಸ್-2 ಗುತ್ತಿಗೆದಾರ

ಅಕ್ಕಾರೆ, ನಾನೂ ಟೆಂಡರ್ ಹಾಕೋನು. ಶೇ 20 ಕಡಿಮೆಗೆ ಹಿಡಿದವರೆಲ್ಲ ಕಳ್ಳರು ಅಂತ ತಿಳೀಬೇಡಿ. ಎಂಟು ಕಟ್ಟಡಕ್ಕೂ ಒಂದೇ ನಕ್ಷೆ ಅಂದರೆ ಸೆಂಟ್ರಿಂಗ್ ಸಾಮಾನು, ಅಂದರೆ ಕಾಂಕ್ರೀಟು ಹಾಕೋ ಅಚ್ಚು, ಒಂದು ಸೆಟ್ ಮಾಡಿಸಿದರೆ ಎಂಟು ಸಲ, ಮಹಡಿ ಲೆಕ್ಕ ಹಿಡಿದರೆ ಇಪ್ಪತ್ನಾಲ್ಕು ಸಲ ಬಳಸಬಹುದು. ಒಂದೇ ಜಾಗದಲ್ಲಿ ಕೆಲಸ, ಸಾಗಾಟ ಕಡಿಮೆ. ಸ್ವಂತ ಮಿಕ್ಸರ್, ಜೆಸಿಬಿ ಇದ್ದವರಿಗೆ ಅವು ನಿಂತಿರೋದಕ್ಕಿಂತ ಓಡೋದು ಮೇಲು. ಶೇ 8, 10 ಹೀಗೆ ನ್ಯಾಯವಾಗಿ ಇಳಿಯುತ್ತೆ.

ಆದರೆ ಶೇ 19.80ರಲ್ಲಿ ಅದರ ಮೇಲಿನದ್ದು ಎಲ್ಲಿಂದ ಬರುತ್ತೆ ಅನ್ನೋ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. 2022ರ ಜುಲೈನಿಂದ ಪುರಸಭೆ ಕಾಮಗಾರಿಗೂ ಜಿಎಸ್‌ಟಿ ಶೇ 18. ಕಟ್ಟಡ ಕಾರ್ಮಿಕರ ಸೆಸ್ ಶೇ 1 ಬಿಲ್ಲಲ್ಲೇ ಮುರೀತಾರೆ. ಮರಳು, ಜಲ್ಲಿಗೆ ಪರ್ಮಿಟ್ ತೋರಿಸದಿದ್ದರೆ ರಾಯಲ್ಟಿಯೂ ಮುರೀತಾರೆ. ಇಷ್ಟು ಹೋಗಿ ಬಿಲ್ಲು ಆರು ತಿಂಗಳು ತಡವಾದರೆ, ಬಡ್ಡಿ ಕಟ್ಟೋನು ಏನು ಮಾಡ್ತಾನೆ? ತುಂಡು ಗುತ್ತಿಗೆ ಕೊಡ್ತಾನೆ. ಪಾಯ ಒಬ್ಬನಿಗೆ, ಗೋಡೆ ಇನ್ನೊಬ್ಬನಿಗೆ. ಅಲ್ಲಿಂದ ಮುಂದೆ ಯಾರಿಗೂ ಹೊಣೆ ಇಲ್ಲ.

ನನ್ನ ಮಾತು ಇಷ್ಟು: ಗುತ್ತಿಗೆದಾರನ ಮೇಲೆ ಕಣ್ಣಿಡಿ, ಜೊತೆಗೆ ಅನುದಾನ ಎಷ್ಟು ಬಿಡುಗಡೆಯಾಗಿದೆ ಅಂತಲೂ ಪುರಸಭೆಯಲ್ಲಿ ಕೇಳ್ತಾ ಇರಿ. ಕೆಲಸ ಮಾಡಿದ್ದಕ್ಕೆ ಹೊತ್ತಿಗೆ ಸರಿಯಾಗಿ ದುಡ್ಡು ಬಂದರೆ ನಮ್ಮಲ್ಲಿ ಮುಕ್ಕಾಲು ಜನ ಸರಿಯಾಗೇ ಕಟ್ತೀವಿ.

ಗೌಂಡಿ

ಅಕ್ಕಾರ, ನಾ ಗೌಂಡಿ ಕೆಲಸ ಮಾಡಾಂವ, ನಿಮ್ಮ ಕಡಿನ ಊರಾಗ ಭಾಳ ಮನಿ ಕಟ್ಟೀನಿ. ಇಂಜಿನಿಯರ್ ಸಾಹೇಬ್ರು ಪಾಯದ್ದು ಹೇಳ್ಯಾರ, ನಾ ನೀರಿಂದು ಹೇಳ್ತೀನಿ. ಬ್ಯಾಸಗಿಗಿ ನಾಲಿ ಬಂದ್ ಆಗ್ತದ. ಆವಾಗ ಬೋರಿನ ನೀರು ತರ್ತಾರ. ನಾಲಿ ಬಯಲಾಗ ನೆಲ್ಲು ಬೆಳದು ಬೆಳದು ಎಷ್ಟೋ ಕಡಿ ನೆಲ ಸವುಳಾಗೇದ, ಬೋರಿನ ನೀರೂ ಸವುಳು. ಆ ನೀರಿನಾಗ ಕಾಂಕ್ರೀಟು ಕಲಿಸಿದ್ರ ಒಳಗಿನ ಕಬ್ಬಿಣ ತುಕ್ಕು ಹಿಡೀತದ. ಹತ್ತು ವರ್ಷಕ್ಕ ಸ್ಲ್ಯಾಬಿನ ತಳಾ ಪದರ ಪದರ ಉದುರ್ತದ. ಕಲಿಸೋ ನೀರು ಒಂದು ಗುಟುಕು ಬಾಯಾಗ ಹಾಕ್ಕೊಂಡು ನೋಡ್ರಿ. ಕುಡಿಯಾಕ ಬರಲ್ಲ ಅನಸಿದ್ರ ಟ್ಯಾಂಕರ್ ನೀರು ತರಸ್ರಿ ಅಂತ ಹೇಳ್ರಿ.

ಎರಡನೇದು ಕಬ್ಬಿಣದ ಕೆಳಗಿನ ಬಿಲ್ಲೆ. ಸಿಮೆಂಟಿನ ಕವರ್ ಬ್ಲಾಕ್ ಇಡಬೇಕು, ಜಲ್ಲಿ ಚೂರು ಇಟ್ರ ತುಳದಾಗ ಸರೀತದ, ಕಬ್ಬಿಣ ತಳಕ್ಕ ಕೂಡ್ತದ. ಮೂರನೇದು, ಸ್ಲ್ಯಾಬ್ ಹಾಕಿದ ಮ್ಯಾಲೆ ನೀರು ನಿಂದ್ರಸೋದು. ನಮ್ಮ ಬಿಸಲಾಗ ಮುಂಜಾನೆ ಒಂದು ಸಲ ಪೈಪ್ ಹಿಡದ್ರ ಸಾಲಲ್ಲ. ಕಾಲಂಗಿ ಗೋಣಿತಾಟು ಸುತ್ತಿ ಹಸಿ ಇಡಬೇಕು, ಹತ್ತು ದಿನ. ಇದು ನೋಡಾಕ ಓದಿರಬೇಕಂತ ಏನಿಲ್ಲ. ನಿಮ್ಮವ್ವನೂ ನೋಡಬಹುದು.

ಅಳತೆ ಪುಸ್ತಕ

ಗೌಂಡಿ ಅಣ್ಣನವರು ಹೇಳಿದ್ದು ಅಕ್ಷರಶಃ ಸರಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲಿ ಕಬ್ಬಿಣ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ (ಉಪ್ಪಿನ ಅಂಶ) ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತಿದೆ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ ಕನಿಷ್ಠ 10 ದಿನ ಹಸಿ ಇಡಬೇಕು ಅಂತಲೂ ಅದರಲ್ಲೇ ಇದೆ. ಅವರು ಬಾಯಿರುಚಿಯಲ್ಲಿ, ಅನುಭವದಲ್ಲಿ ತಿಳಿದದ್ದನ್ನೇ ನಾವು ಪುಸ್ತಕದಲ್ಲಿ ಓದಿದ್ದು.

ಎರೆನೆಲ

ಎಲ್ಲರಿಗೂ ಕೈ ಮುಗೀತೀನಿ. ಅವ್ವನಿಗೆ ಪೂರಾ ಓದಿ ಹೇಳಿದೆ. ಪೇಪರಿನ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸಾಹೇಬರಿಗೆ ಇನ್ನೂ ನೆನಪದಲ್ಲ, ಅಷ್ಟು ಸಾಕು ಅಂತ ಬರಿ" ಅಂದಳು.

ನಿನ್ನೆ ಪುರಸಭೆಗೆ ಹೋಗಿದ್ದೆ. ಮಣ್ಣು ಪರೀಕ್ಷೆ ವರದಿ ಕೇಳಿದೆ. "ಇರುತ್ತಮ್ಮಾ, ಇಂಜಿನಿಯರ್ ಹತ್ತಿರ" ಅಂದರು. ಅಲ್ಲಿ ಹೋದರೆ "ಕನ್ಸಲ್ಟೆಂಟ್ ಹತ್ತಿರ" ಅಂದರು. ಪಾಯದ ನಕ್ಷೆ ಮಾತ್ರ ತೋರಿಸಿದರು. 1.50 ಮೀಟರ್ ಅಂತಿದೆ, ಒಂದೊಂದು ಕಂಬಕ್ಕೂ ಬಿಡಿ ಬಿಡಿ ಫುಟಿಂಗು (ಪಾಯದ ತಳ). ಮಾಹಿತಿ ಹಕ್ಕು ಅರ್ಜಿ ಹಾಕಲಾ? ಉತ್ತರಕ್ಕೆ ಮೂವತ್ತು ದಿನ ಆದರೆ ಅಷ್ಟರಲ್ಲಿ ಪಾಯವೇ ಮುಗಿದಿರುತ್ತಲ್ಲ ಸರ್. ನನ್ನ ತಮ್ಮ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಸಿವಿಲ್ ಎರಡನೇ ವರ್ಷ. ಅವನಿಂದ ಏನಾದರೂ ಆಗುತ್ತಾ?

ಅಳತೆ ಪುಸ್ತಕ

ತಮ್ಮನಿಂದ ಆಗುತ್ತೆ. ಅವನ ಉಪನ್ಯಾಸಕರ ಅನುಮತಿ ಕೇಳಿ, ಲ್ಯಾಬಿನಲ್ಲಿ ಹೀಗೆ ಮಾಡಲಿ. ಹೊಲದಲ್ಲಿ ಮೇಲಿನ ಮಣ್ಣು ಬಿಟ್ಟು, ಫುಟಿಂಗ್ ಕೂರುವ ಆಳದ ಮಣ್ಣು ತರಲಿ. ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಲಿ. ಹತ್ತು ಹತ್ತು ಗ್ರಾಂ ತೂಗಿ 100 ಮಿ.ಲೀ.ನ ಎರಡು ಅಳತೆ ಜಾಡಿಗಳಿಗೆ ಹಾಕಲಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಲಿ. ಸೀಮೆಎಣ್ಣೆಯಲ್ಲಿ ಎರೆ ಉಬ್ಬಲ್ಲ, ನೀರಿನಲ್ಲಿ ಉಬ್ಬುತ್ತೆ. ಎರಡರಲ್ಲೂ ಮಣ್ಣು ನಿಂತ ಮಟ್ಟದ ವ್ಯತ್ಯಾಸವನ್ನು ಸೀಮೆಎಣ್ಣೆ ಜಾಡಿಯ ಮಟ್ಟದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರೋದು ಉಬ್ಬುವ ಸೂಚ್ಯಂಕ. ಐಎಸ್ 2720ರ 40ನೇ ಭಾಗ ಅಂದರೆ ಉಪನ್ಯಾಸಕರಿಗೆ ಗೊತ್ತಾಗುತ್ತೆ. 50 ದಾಟಿದರೆ ಎಚ್ಚರಿಕೆ ಬೇಕು. ಇದು ಪೂರ್ತಿ ಮಣ್ಣು ಪರೀಕ್ಷೆಗೆ ಬದಲಿಯಲ್ಲ. ಪರೀಕ್ಷೆ ಮಾಡಿಸಿ ಅಂತ ಕೇಳೋದಕ್ಕೆ ನಿಮ್ಮ ಕೈಲಿರುವ ಆಧಾರ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆದರೆ ಅದನ್ನೇ ಕಾಯಬೇಡಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹೆಚ್ಚು ಬರೆದು ವಾಪಸ್ ಬಂದರೆ ವಾರಗಳು ಹೋಗ್ತವೆ. ಅದರಲ್ಲಿ ಕಾಗದದ ಪ್ರತಿ ಮಾತ್ರ ಕೇಳಬೇಡಿ. ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕಿದೆ. ಹೆಚ್ಚಿನವರು ಅದನ್ನು ಬಳಸೋದೇ ಇಲ್ಲ. "ಕಾಮಗಾರಿ ಪರಿಶೀಲನೆಗೆ ದಿನಾಂಕ ತಿಳಿಸಿ" ಅಂತ ಒಂದು ಸಾಲು ಸೇರಿಸಿ.

ಅದಕ್ಕೂ ಮೊದಲು, ನಾಳೆಯೇ, ಮುಖ್ಯಾಧಿಕಾರಿಗಳಿಗೆ ಮಣ್ಣು ಪರೀಕ್ಷೆ ಮಾಡಿಸಿ ಅಂತ ಒಂದು ಪುಟದ ಮನವಿ. 48 ಮನೆಯವರಲ್ಲಿ ಆದಷ್ಟು ಜನರ ಸಹಿ, ಹೆಬ್ಬೆಟ್ಟು. ಅದರ ಒಂದು ನಕಲು ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ. ಆರೋಪದ ಒಂದು ಶಬ್ದವೂ ಬೇಡ. ನಿಮ್ಮ ಕೈಲಿ ಉಳಿಯುವ ನಕಲಿನ ಮೇಲೆ ಸ್ವೀಕೃತಿ ಮೊಹರು, ತಾರೀಖು ಹಾಕಿಸಿಕೊಳ್ಳದೆ ಟೇಬಲ್ ಬಿಟ್ಟು ಏಳಬೇಡಿ.

ಇನ್ನೊಂದು ಮಾತು. ನಿಮ್ಮ ಮೊದಲ ಪ್ರಶ್ನೆಯಲ್ಲೇ ಇದ್ದದ್ದು, ನನಗೆ ರಾತ್ರಿ ಹೊಳೆಯಿತು. ನಕ್ಷೆಯೇ ಎರೆಗೆ ಹೊಂದದೆ ಇದ್ದರೆ ಗುತ್ತಿಗೆದಾರರ ತಪ್ಪಲ್ಲ. ಅವರು ನಕ್ಷೆಯಲ್ಲಿ ಇದ್ದಷ್ಟೇ ಮಾಡ್ತಾರೆ. ಪಾಯ ಬದಲಾದರೆ ಹೆಚ್ಚುವರಿ ಖರ್ಚು ಬರುತ್ತೆ, ಅದಕ್ಕೆ ಮೇಲಿನವರ ಮಂಜೂರಾತಿ ಬೇಕು. "ದುಡ್ಡೆಲ್ಲಿದೆ" ಅಂತ ಕಚೇರಿಯಲ್ಲಿ ಕೇಳ್ತಾರೆ. ದುಡ್ಡಿದೆ. ಮಂಜೂರಾದ ಅಂದಾಜು 3 ಕೋಟಿ 60 ಲಕ್ಷ, ಟೆಂಡರ್ 2 ಕೋಟಿ 88 ಲಕ್ಷ. ನಡುವಿನ 71 ಲಕ್ಷ ಇನ್ನೂ ಖರ್ಚಾಗಿಲ್ಲ. "ಟೆಂಡರ್ ಉಳಿತಾಯದ ಮೊತ್ತವನ್ನು ಇದೇ ಮನೆಗಳ ಪಾಯಕ್ಕೆ ಬಳಸಲು ಮಂಜೂರಾತಿ ಪಡೆಯಬೇಕು" ಅಂತ ಮನವಿಯಲ್ಲಿ ಬರೆಯಿರಿ. ಉದ್ಯಾನದ ಕಾಂಪೌಂಡಿಗೋ ಇನ್ನೆಲ್ಲಿಗೋ ಆ ದುಡ್ಡಿನ ಲೆಕ್ಕ ಹಾಕುವ ಮೊದಲು ಬರೆಯಿರಿ.

ವಾರ್ಡ್ ನಂ 7

ರದ್ದು ಮಾಡಿಸಿ ಅಂದಿದ್ದೆ, ಮಾತು ವಾಪಸ್ ತಗೊಳ್ತೀನಿ. ಉಳಿತಾಯದ ಮೊತ್ತ ನಮ್ಮ ಸಭೆಗಳಲ್ಲಿ ಯಾವಾಗಲೂ ಮುಂದಿನ ಕ್ರಿಯಾಯೋಜನೆಗೆ ಹೋಗಿಬಿಡ್ತಿತ್ತು, ಅದೇ ಕೆಲಸಕ್ಕೆ ಕೇಳಬಹುದು ಅಂತ ಐದು ವರ್ಷದಲ್ಲಿ ಒಬ್ಬರೂ ಎದ್ದು ಹೇಳಲಿಲ್ಲ. ನಿಮ್ಮ ವಾರ್ಡಿನ ಸದಸ್ಯರನ್ನೂ ಮನವಿ ಕೊಡೋವಾಗ ಜೊತೆಗೆ ಕರೆದುಕೊಂಡು ಹೋಗಿ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಿಸಿ ಅಂತ ಅವರಿಂದ ಬರೆಸಿ.

ಎರೆನೆಲ

ಹನ್ನೆರಡು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ತಮ್ಮ, ಅವನ ಇಬ್ಬರು ಗೆಳೆಯರು ಹೊಲಕ್ಕೆ ಹೋಗಿ ಐದು ಅಡಿ ಗುಂಡಿ ತೋಡಿ ಮಣ್ಣು ತಂದರು. ಉಪನ್ಯಾಸಕರು ತಾವೇ ನಿಂತು ಮಾಡಿಸಿದರು. ಮರುದಿನ ನೋಡಿದರೆ ಸೀಮೆಎಣ್ಣೆ ಜಾಡಿಯಲ್ಲಿ ಮಣ್ಣು 10 ಮಿ.ಲೀ.ಗೆ ನಿಂತಿತ್ತು, ನೀರಿನ ಜಾಡಿಯಲ್ಲಿ 19ಕ್ಕೆ ಏರಿತ್ತು. ಶೇ 90. ಫೋಟೋ ತೆಗೆದು ಅವ್ವನಿಗೆ ತೋರಿಸಿದೆ. ಎರಡು ಜಾಡಿ ಅಕ್ಕಪಕ್ಕ ನೋಡಿದ ಕೂಡಲೇ ಅವಳಿಗೆ ಅರ್ಥ ಆಯ್ತು, ನಾನು ಏನೂ ಹೇಳಬೇಕಾಗಲಿಲ್ಲ.

ಮನವಿಗೆ 39 ಜನರ ಸಹಿ, ಹೆಬ್ಬೆಟ್ಟು ಸಿಕ್ಕವು. ಒಂಬತ್ತು ಜನ ಹೆದರಿದರು, ಪಟ್ಟಿಯಿಂದ ಹೆಸರು ತೆಗೆದುಬಿಟ್ಟರೆ ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳೋಕೆ ಮುಕ್ಕಾಲು ಗಂಟೆ ನಿಂತೆ, ಹಾಕಿದರು. ವಾರ್ಡ್ ಸದಸ್ಯರು ಜೊತೆಗೆ ಬಂದರು.

ಮುಖ್ಯಾಧಿಕಾರಿಗಳು ಓದಿ, ಇಂಜಿನಿಯರ್ ಅವರನ್ನು ಕರೆಸಿ ನಮ್ಮ ಮುಂದೆಯೇ ಕೇಳಿದರು. ವರದಿ ಇಲ್ಲ ಅಂತ ಆವಾಗ ಒಪ್ಪಿಕೊಂಡರು. ಮೊನ್ನೆ ಲ್ಯಾಬಿನವರು ಬಂದು ಮೂರು ಕಡೆ ಬೋರ್ ಹಾಕಿ ಮಣ್ಣು ತಗೊಂಡು ಹೋದರು. ವರದಿ ಬಂದ ಮೇಲೆ ಪಾಯದ ನಕ್ಷೆ ಮತ್ತೆ ನೋಡ್ತೀವಿ ಅಂದಿದ್ದಾರೆ, ಬಾಯಿಮಾತಿನಲ್ಲಿ. ಬರವಣಿಗೆ ಇನ್ನೂ ಕೊಟ್ಟಿಲ್ಲ. 71 ಲಕ್ಷದ ವಿಷಯ ಮುಂದಿನ ಸಭೆಗೆ ಬರುತ್ತೆ ಅಂತ ಸದಸ್ಯರು ಹೇಳಿದ್ದಾರೆ. ದರ ವಿಶ್ಲೇಷಣೆ, ಹೆಚ್ಚುವರಿ ಠೇವಣಿ ಕೇಳಿದ್ದಕ್ಕೆ ಉತ್ತರ ಬಂದಿಲ್ಲ, ಆ ಒಂದೇ ವಿಷಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೀನಿ, 112 ಪದ.

ಹೊಲದಲ್ಲಿ ಮೊದಲನೇ ಕಟ್ಟಡಕ್ಕೆ ಸುಣ್ಣದ ಗೆರೆ ಹಾಕಿ ಬಿಟ್ಟಿದ್ದಾರೆ. ಅವ್ವನ ಬೀಟ್ ಅದೇ ರಸ್ತೆಯ ಕೊನೆವರೆಗೆ. ದಿನಾ ಬೆಳಿಗ್ಗೆ ಐದೂವರೆಗೆ ಅಲ್ಲಿ ನಿಂತು ನೋಡಿ, ಜೆಸಿಬಿ ಬಂದಿದೆಯಾ ಇಲ್ಲವಾ ಅಂತ ನನಗೆ ಫೋನ್ ಮಾಡ್ತಾಳೆ. ಐದು ಮೀಟರಿನ ಟೇಪು ಕೊಂಡಿದ್ದೀನಿ. ಅಂಗಡಿಯ ಯಜಮಾನರಿಗೆ ಹೇಳಿದ್ದೀನಿ, ಆ ಫೋನ್ ಬಂದ ದಿನ ನಾನು ಕೆಲಸಕ್ಕೆ ತಡವಾಗಿ ಬರ್ತೀನಿ ಅಂತ.